ವೃದ್ಧಾಶ್ರಮದಲ್ಲಿ ಕೊನೆಯ ದಿನಗಳು: ನಮ್ಮ ದೊಡ್ಡವ್ವನಿಗೆ ಆದದ್ದು ಇನ್ನೊಬ್ಬರಿಗೆ ಆಗಬಾರದು

ವಿಜಯಪುರದ ಮಗಳು:

ಇದನ್ನು ಬರೆಯಲು ನನಗೆ ನಾಲ್ಕು ತಿಂಗಳು ಬೇಕಾಯಿತು. ಉದ್ದ ಇದೆ, ದಯವಿಟ್ಟು ಓದಿ.

ನಮ್ಮ ದೊಡ್ಡವ್ವನಿಗೆ 83 ವರ್ಷ. ಮಕ್ಕಳಿಲ್ಲ. ದೊಡ್ಡಪ್ಪ ಹೋದ ಮೇಲೆ ನಮ್ಮ ಮನೆಯಲ್ಲೇ ಇದ್ದಳು. ಆಮೇಲೆ ಅವ್ವನ ಮೊಣಕಾಲು ಪೂರ್ತಿ ಕೆಟ್ಟಿತು. ಇಬ್ಬರನ್ನೂ ಎತ್ತಿ ಇಳಿಸುವುದು ನನ್ನೊಬ್ಬಳಿಂದ ಆಗಲಿಲ್ಲ, ನನಗೂ ಶಾಲೆಯ ಕೆಲಸ, ಹಾಗಾಗಿ ಊರ ಹೊರಗಿನ ಒಂದು ವೃದ್ಧಾಶ್ರಮಕ್ಕೆ ಸೇರಿಸಿದೆವು. ಕೆಟ್ಟ ಜಾಗ ಅಲ್ಲ. ಹೊತ್ತಿಗೆ ಸರಿಯಾಗಿ ಊಟ, ಒಗೆದ ಹಾಸಿಗೆ. ಪ್ರತಿ ರವಿವಾರ ಹೋಗುತ್ತಿದ್ದೆ.

ಮೊದಲ ತಿಂಗಳಲ್ಲೇ ಹೇನು ಅಂತ ಆಕೆಯ ಕೂದಲು ಕತ್ತರಿಸಿದರು. ಇಳಕಲ್ ಸೀರೆಗಳು ಟ್ರಂಕು ಸೇರಿದವು, ಮೈಮೇಲೆ ನೈಟಿ ಬಂತು. "ಎಲ್ಲಾರಿಗೂ ಇದೇ ರೀ, ನೋಡಿಕೊಳ್ಳಾಕ ಸಲೀಸು" ಎಂದರು. ನಾನೂ ಹೌದೆಂದೆ. ನಾನು ಹುಟ್ಟಿದಾಗಿನಿಂದ ದೊಡ್ಡವ್ವನ ತಲೆ ಮೇಲಿನ ಸೆರಗು ಜಾರಿದ್ದನ್ನು ನೋಡಿರಲಿಲ್ಲ, ಒಲೆ ಮುಂದೆ ರೊಟ್ಟಿ ಬಡಿಯುವಾಗಲೂ ಇಲ್ಲ. ಆದರೂ ಹೌದೆಂದೆ.

ಕೊನೆಯ ವರ್ಷ ಹೃದಯ ಸೋತಿತು, ಕಿಡ್ನಿಯೂ ಕೈಕೊಟ್ಟಿತು. ನೋಡಿದ ಡಾಕ್ಟರು "ಇನ್ನ ಓಡಾಡಸಬ್ಯಾಡ್ರಿ, ಆರಾಮ ಇರೂ ಹಂಗ ನೋಡ್ಕೊಳ್ರಿ" ಎಂದಿದ್ದರು. ಒಂದು ರವಿವಾರ ಅವಳ ಕಾಲಿಗೆ ಎಣ್ಣೆ ಹಚ್ಚುತ್ತಿದ್ದೆ. ಹೊದ್ದ ಕೌದಿಯ ಅಂಚನ್ನು ಬೆರಳಲ್ಲಿ ತೀಡುತ್ತಾ ಹೇಳಿದಳು: "ನನ್ನ ಎಲ್ಲೂ ಒಯ್ಯಬ್ಯಾಡ್ರವ್ವಾ. ಇಲ್ಲೇ ಈ ಕೌದಿ ಹೊಚ್ಚಿ ಬಿಟ್ಟುಬಿಡ್ರಿ." ಆ ಕೌದಿ ಅವಳೇ ಹೊಲಿದದ್ದು, ಅವಳ ಅವ್ವನ ಸೀರೆ ತುಂಡುಗಳೂ ಅದರಲ್ಲಿವೆ. ನಾನೇನಂದೆ ಗೊತ್ತಾ? "ಸುಮ್ಮನಿರು ದೊಡ್ಡವ್ವಾ, ಹಂಗೆಲ್ಲಾ ಮಾತಾಡಬಾರದು."

ಅಷ್ಟೇ. ಆಕೆ ಮತ್ತೆ ಆ ಮಾತು ಎತ್ತಲಿಲ್ಲ.

ಒಂದು ರಾತ್ರಿ ಒಂದೂವರೆಗೆ ಫೋನ್ ಬಂತು. "ಉಸಿರಾಟ ಬೇರೆ ಥರ ಆಗಿದೆ, ಆಂಬ್ಯುಲೆನ್ಸ್‌ನಲ್ಲಿ ಕಳಿಸಿದ್ದೇವೆ." ನಾನು ಹೋಗುವಷ್ಟರಲ್ಲಿ ಐಸಿಯು ಒಳಗಿದ್ದಳು. ಬೆಳಿಗ್ಗೆ ಹತ್ತು ನಿಮಿಷ ಬಿಟ್ಟರು. ಬರಿ ತಲೆ, ಬೆನ್ನು ತೆರೆದ ಹಸಿರು ಗೌನು, ಎರಡೂ ಕೈ ಬ್ಯಾಂಡೇಜ್ ಬಟ್ಟೆಯಿಂದ ಮಂಚದ ಸರಳಿಗೆ ಕಟ್ಟಿದ್ದರು. "ಮಾಸ್ಕ್ ಕಿತ್ತುಕೊಳ್ಳುತ್ತಾರೆ" ಎಂದರು ಸಿಸ್ಟರ್. ನಾನು ನೋಡುತ್ತಾ ನಿಂತೆ. ಬಲಗೈ ಎಳೆಯುತ್ತಿತ್ತು, ಆದರೆ ಮಾಸ್ಕಿನ ಕಡೆಗಲ್ಲ. ಭುಜದ ಹತ್ತಿರ ಏನೋ ಹುಡುಕಿ ತಲೆಯ ಕಡೆ ತರಲು ನೋಡುತ್ತಿತ್ತು. ಸೆರಗು ಹುಡುಕುತ್ತಿದ್ದಳು.

ಮೂರನೇ ದಿನ ಹೋದಳು. ಕೌದಿ ಆಶ್ರಮದಲ್ಲೇ ಉಳಿದಿತ್ತು.

ಯಾರನ್ನೂ ಬೈಯಲು ಬರೆದಿಲ್ಲ. ನಾವು ಏನು ಮಾಡಬೇಕಿತ್ತು? ಆಶ್ರಮದಲ್ಲೇ ನೆಮ್ಮದಿಯಿಂದ ಹೋಗಲು ದಾರಿ ಇದೆಯಾ? ಬಲ್ಲವರು ಹೇಳಿ.

ಬೆಳಗಾವಿ ಸಿಸ್ಟರ್:

ತಂಗಿ, ಓದಿ ಕಣ್ಣು ತುಂಬಿತು. ನಾನು 19 ವರ್ಷ ವಾರ್ಡಿನಲ್ಲಿ, ಈಗ ಆರು ವರ್ಷದಿಂದ ವಯಸ್ಸಾದವರ ಮನೆಯೊಂದರಲ್ಲಿ ಕೆಲಸ ಮಾಡುತ್ತಿದ್ದೇನೆ. ಆ ಕೈ ಏನು ಹುಡುಕುತ್ತಿತ್ತು ಅಂತ ನಿಮಗೆ ತಿಳಿಯಿತು, ಯಾಕೆಂದರೆ ನಿಮಗೆ ಅವರ ಬದುಕು ಗೊತ್ತು. ನಮಗೆ ಕೇಸ್ ಶೀಟ್ ಅಷ್ಟೇ ಗೊತ್ತಿರುತ್ತದೆ. ಒಂದು ಹಳೆಯ ದುಪಟ್ಟಾ ತಲೆಗೆ ಹೊದಿಸಿದ್ದರೆ ಆ ಕೈ ಸುಮ್ಮನಾಗುತ್ತಿತ್ತು ಅಂತ ನನಗೆ ಗಟ್ಟಿಯಾಗಿ ಅನಿಸುತ್ತದೆ.

ಸೀರೆ ಉಡಿಸಲು ಆಗಲ್ಲ ಅನ್ನುವುದು ಅರ್ಧ ಸತ್ಯ. ಹಾಸಿಗೆ ಹಿಡಿದವರಿಗೆ ಆರು ಗಜದ ಸೀರೆ ಕಷ್ಟ, ನಿಜ. ಆದರೆ ಹಳೆ ಇಳಕಲ್ ಸೀರೆಯನ್ನು ಅರ್ಧ ಹರಿದು ಮೇಲೆ ಹೊದಿಸಿ ತಲೆ ಮೇಲೆ ಸೆರಗು ತರಬಹುದು. ಕುಬಸವನ್ನು ಹಿಂದೆ ಬಿಚ್ಚಿ ಲಾಡಿ ಹೊಲಿದರೆ ಮಲಗಿದಲ್ಲೇ ತೊಡಿಸಬಹುದು. ಇದಕ್ಕೆ ದುಡ್ಡು ಬೇಡ. ಒಬ್ಬ ದರ್ಜಿ, ಅರ್ಧ ಗಂಟೆ.

ಇನ್ನೊಂದು. ಎಂಟು ಮಂಚದ ಹಾಲ್‌ನಲ್ಲಿ ಪರದೆ ಇಲ್ಲದೆ ಡೈಪರ್ ಬದಲಿಸುತ್ತಾರೆ. ಪಕ್ಕದ ಮಂಚದಲ್ಲಿ ಊಟ ನಡೆದಿರುತ್ತದೆ. ಒಬ್ಬರು ಅಜ್ಜಾ, ಹೈಸ್ಕೂಲ್ ಮಾಸ್ತರ್ ಆಗಿದ್ದವರು, ಆ ಹೊತ್ತಿಗೆ ಗಟ್ಟಿಯಾಗಿ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ನಿದ್ದೆ ಅಲ್ಲ ಅದು, ನಾಚಿಕೆ. ನಾನು ಎರಡು ಹಳೆ ಬೆಡ್‌ಶೀಟ್ ಹಗ್ಗಕ್ಕೆ ಹಾಕಿ ಅಡ್ಡ ಕಟ್ಟಿದೆ. ಮರುದಿನದಿಂದ ಅವರು ಕಣ್ಣು ಬಿಟ್ಟುಕೊಂಡು ನನ್ನ ಜೊತೆ ಮಾತಾಡಲು ಶುರು ಮಾಡಿದರು.

ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸುವುದು, ಹಿಮ್ಮಡಿ ಕೆಳಗೆ ಮೆತ್ತನೆ ಬಟ್ಟೆ, ಬೆನ್ನ ಕೆಳಭಾಗ ಒಣಗಿರಬೇಕು. ಹಾಸಿಗೆ ಹುಣ್ಣು ಬಂದ ಮೇಲೆ ಯಾವ ಮರ್ಯಾದೆಯ ಮಾತೂ ಉಳಿಯಲ್ಲ, ನೋವೊಂದೇ ಉಳಿಯುತ್ತದೆ.

ಪುಣೆಯಲ್ಲಿರುವ ಮಗ, ಊರು ಜಮಖಂಡಿ:

ನನ್ನದೂ ಹೇಳಿಬಿಡುತ್ತೇನೆ. ಅಪ್ಪ ಕೊನೆಗೆ ಆಶ್ರಮದಲ್ಲಿದ್ದರು. ಆಶ್ರಮದವರು ಫೋನ್ ಮಾಡಿ "ಏನ್ ಮಾಡೋಣ್ರಿ?" ಎಂದಾಗ ನಾನು "ಏನೇನ್ ಆಗತೈತಿ ಎಲ್ಲಾ ಮಾಡ್ರಿ, ರೊಕ್ಕಕ್ಕ ಹಿಂದ ಮುಂದ ನೋಡಬ್ಯಾಡ್ರಿ" ಎಂದೆ. ಆವಾಗ ಅದೇ ಪ್ರೀತಿ ಅನಿಸಿತ್ತು. ದೂರ ಇದ್ದವನಿಗೆ ಬೇರೆ ಮಾತು ಬಾಯಿಗೆ ಬರಲ್ಲ, ಬೇಡ ಅಂದರೆ ನಾಲ್ಕು ಮಂದಿ ಏನಂದಾರು ಅನ್ನುವುದೂ ತಲೆಯಲ್ಲಿರುತ್ತದೆ. ಒಂಬತ್ತು ದಿನ ವೆಂಟಿಲೇಟರ್. ಅಪ್ಪನಿಗೆ ಇಷ್ಟ ಇತ್ತಾ ಅಂತ ನಾನು ಯಾವತ್ತೂ ಕೇಳಿರಲಿಲ್ಲ. ದೂರದಲ್ಲಿರುವ ಗಂಡುಮಕ್ಕಳು ಯಾರಾದರೂ ಓದುತ್ತಿದ್ದರೆ, ಇವತ್ತು ಫೋನ್ ಮಾಡಿದಾಗ ಕೇಳಿ. ಊಟ ಆಯ್ತಾ ಅಂತ ಕೇಳಿದ ಮೇಲೆ ಇದನ್ನೂ ಕೇಳಿ.

ಬಾಗಲಕೋಟೆ, ಆಶ್ರಮ ನಡೆಸುವವನು:

ನಾನು ಆ ಕಡೆಯವನು, ಅಂದರೆ ರಾತ್ರಿ ಆಂಬ್ಯುಲೆನ್ಸ್‌ನಲ್ಲಿ ಕಳಿಸುವವನು. ಮುಚ್ಚಿಡದೆ ಹೇಳುತ್ತೇನೆ.

ನಮ್ಮಲ್ಲಿ 22 ಮಂದಿ ಇದ್ದಾರೆ. ಹಗಲು ಮೂವರು ಆಯಾ, ರಾತ್ರಿ ಒಬ್ಬಳೇ. ಮೂರು ವರ್ಷದ ಹಿಂದೆ ಒಬ್ಬ ಅಜ್ಜಿ ಬೆಳಗಿನ ಜಾವ ನಿದ್ದೆಯಲ್ಲೇ ತೀರಿಕೊಂಡರು. ಅಷ್ಟು ಶಾಂತ ಸಾವು ನಾನು ನೋಡಿರಲಿಲ್ಲ. ಆದರೆ ಎರಡು ವರ್ಷದಿಂದ ಮುಖ ತೋರಿಸದಿದ್ದ ಸಂಬಂಧಿಕರು ಬಂದು "ಆಸ್ಪತ್ರೆಗೆ ಯಾಕ ಒಯ್ಯಲಿಲ್ಲ, ನೀವ ಕೊಂದ್ರಿ" ಅಂತ ಗೇಟಿನಲ್ಲಿ ಕೂಗಾಡಿದರು. ಪೊಲೀಸ್ ಸ್ಟೇಷನ್‌ವರೆಗೆ ಹೋಯಿತು. ಅವತ್ತಿನಿಂದ ಯಾರ ಉಸಿರು ಏರುಪೇರಾದರೂ ಕಳಿಸಿಬಿಡುತ್ತೇನೆ. ಅದು ಅವರ ಒಳ್ಳೆಯದಕ್ಕಲ್ಲ, ನನ್ನ ಹೆದರಿಕೆಗೆ. ಈ ತಂಗಿಯ ಬರಹ ಓದಿ ರಾತ್ರಿ ನಿದ್ದೆ ಬರಲಿಲ್ಲ.

ಡಾಕ್ಟರ್ ಯಾರಾದರೂ ಇದ್ದರೆ ಹೇಳಿ. ಆಶ್ರಮದಲ್ಲೇ ಸಾವಾದರೆ ಕಾನೂನಿನ ತೊಂದರೆ ಇದೆಯಾ? ಮತ್ತು ಸಾವು ಹತ್ತಿರ ಬಂದಿದೆ ಅಂತ ನಮ್ಮಂಥವರಿಗೆ ಹೇಗೆ ತಿಳಿಯಬೇಕು?

ಉಪಶಮನ ಆರೈಕೆಯ ಡಾಕ್ಟರ್ (ಗುಣವಾಗದ ಕಾಯಿಲೆಯವರ ನೋವು ಇಳಿಸಿ ಆರಾಮ ಕೊಡುವವರು):

ಅಣ್ಣಾ, ನಿಮ್ಮ ಹೆದರಿಕೆ ಸುಳ್ಳಲ್ಲ. ಆದರೆ ಅದಕ್ಕೆ ಪರಿಹಾರ ಇದೆ.

ಕಾನೂನು ಮೊದಲು. ವಯಸ್ಸು, ಕಾಯಿಲೆಯಿಂದ ಆಗುವ ಸಹಜ ಸಾವು ಆಸ್ಪತ್ರೆಯಲ್ಲೇ ಆಗಬೇಕು ಅಂತ ಎಲ್ಲೂ ಇಲ್ಲ. ಕೊನೆಯ ಕಾಯಿಲೆಯಲ್ಲಿ ನೋಡಿಕೊಂಡ ಡಾಕ್ಟರ್ ಸಾವಿನ ಕಾರಣದ ಸರ್ಟಿಫಿಕೇಟ್ ಕೊಡಬೇಕು, ಆಸ್ಪತ್ರೆಯ ಹೊರಗಿನ ಸಾವಿಗೆ ಅದು 4ಎ ನಮೂನೆ. ಅದಕ್ಕೆ ಫೀಸು ತೆಗೆದುಕೊಳ್ಳುವಂತಿಲ್ಲ. 21 ದಿನದೊಳಗೆ ನೋಂದಣಿ ಮಾಡಿಸಿ. ಗಂಟು ಇರುವುದು ಇಲ್ಲೇ: "ನೋಡಿಕೊಂಡ ಡಾಕ್ಟರ್" ಒಬ್ಬರು ಇರಬೇಕು. ತಿಂಗಳಿಗೊಮ್ಮೆಯಾದರೂ ಬಂದು ನೋಡಿ, ಫೈಲಿನಲ್ಲಿ ಬರೆದು ಹೋಗುವ ಡಾಕ್ಟರನ್ನು ಈಗಲೇ ಗೊತ್ತು ಮಾಡಿಕೊಳ್ಳಿ. "ಈ ಕಾಯಿಲೆ ಗುಣವಾಗುವ ಹಂತ ದಾಟಿದೆ, ಆರಾಮ ಕೊಡುವ ಚಿಕಿತ್ಸೆ ಸಾಕು, ಮನೆಯವರ ಜೊತೆ ಮಾತಾಡಲಾಗಿದೆ" ಅಂತ ಬರೆದು, ಮನೆಯವರ ಸಹಿ ಇದ್ದರೆ, ರಾತ್ರಿ ಒಂದೂವರೆಗೆ ನಿಮ್ಮ ಕೈ ನಡುಗಲ್ಲ.

ಈಗ ಗುರುತುಗಳು. ದಿನದ ಹೆಚ್ಚು ಹೊತ್ತು ಮಂಪರು. ಊಟ ಬೇಡ, ಆಮೇಲೆ ನೀರೂ ಬೇಡ. ಕೈಕಾಲು ತಣ್ಣಗಾಗಿ ಪಾದದಲ್ಲಿ ನೇರಳೆ ಬಣ್ಣದ ಮಚ್ಚೆ. ಉಸಿರು ಜೋರಾಗಿ, ಆಮೇಲೆ ಸಣ್ಣದಾಗಿ, ನಡುವೆ ನಿಂತೇ ಹೋಯಿತೇನೋ ಅನ್ನುವಷ್ಟು ಬಿಡುವು, ಮತ್ತೆ ಶುರು. ಗಂಟಲಲ್ಲಿ ಗೊರಗೊರ ಸದ್ದು. ಕೇಳುವವರಿಗೆ ಜೀವ ಬಾಯಿಗೆ ಬರುತ್ತದೆ, ಆದರೆ ಆ ಹೊತ್ತಿಗೆ ಅವರಿಗೆ ಅದರ ಅರಿವು ಕಡಿಮೆ. ಮಗ್ಗುಲಾಗಿ ಮಲಗಿಸಿದರೆ ಸದ್ದು ಎಷ್ಟೋ ಇಳಿಯುತ್ತದೆ. ನಿಮ್ಮ ಆಯಾ ಹೇಳುವ "ಬೇರೆ ಥರದ ಉಸಿರು" ಬಹಳ ಸಲ ಇದೇ. ಮೊದಲೇ ತಿಳಿದಿದ್ದರೆ ಹೆದರುವುದಿಲ್ಲ.

"ಊಟ ಬಿಟ್ಟಿದ್ದಾರೆ, ಅದಕ್ಕೇ ಸಾಯುತ್ತಿದ್ದಾರೆ" ಅಂತ ಮನೆಯವರು ಅಳುತ್ತಾರೆ. ಅದು ಉಲ್ಟಾ. ದೇಹ ಮುಗಿಯುತ್ತಾ ಬಂದಿರುವುದರಿಂದ ಊಟ ಬೇಡವಾಗಿದೆ. ಬಲವಂತದ ಗಂಜಿ ಶ್ವಾಸಕೋಶಕ್ಕೆ ಇಳಿಯಬಹುದು. ಮರೆವಿನ ಕಾಯಿಲೆ ಬಹಳ ಮುಂದುವರಿದವರಿಗೆ ಪೈಪ್‌ನಿಂದ ಆಹಾರ ಕೊಟ್ಟರೆ ಆಯುಷ್ಯ ಹೆಚ್ಚುತ್ತದೆ ಅನ್ನುವುದಕ್ಕೆ ಆಧಾರ ಸಿಕ್ಕಿಲ್ಲ, ಪೈಪ್ ಕೀಳದಂತೆ ಕೈ ಕಟ್ಟುವುದು ಮಾತ್ರ ಹೆಚ್ಚುತ್ತದೆ. ಬಾಯಿ ಒಣಗದಂತೆ ಒದ್ದೆ ಹತ್ತಿಯಿಂದ ಒರೆಸಿ, ತುಟಿಗೆ ತುಪ್ಪವೋ ಕೊಬ್ಬರಿ ಎಣ್ಣೆಯೋ ಹಚ್ಚಿ.

ನೋವು ಇದ್ದರೆ ಮಾರ್ಫಿನ್ ಇದೆ. 1985ರ ಮಾದಕ ವಸ್ತು ಕಾನೂನಿಗೆ ಹೆದರಿ ಎಷ್ಟೋ ಆಸ್ಪತ್ರೆಗಳು ಇಡುವುದನ್ನೇ ಬಿಟ್ಟಿದ್ದವು. 2014ರಲ್ಲಿ ತಿದ್ದುಪಡಿಯಾಗಿ ಮಾನ್ಯತೆ ಪಡೆದ ಸಂಸ್ಥೆಗಳಿಗೆ ದಾರಿ ಸಲೀಸಾಗಿದೆ. ಸರಿಯಾದ ಪ್ರಮಾಣದಲ್ಲಿ ಕೊಟ್ಟರೆ ಚಟ ಹತ್ತುವುದು ಅಪರೂಪ, ಸಾವನ್ನೂ ಎಳೆದು ತರಲ್ಲ. ಜೊತೆಗೆ ಮಲಬದ್ಧತೆಗೆ ಔಷಧ ಕೊಡಲೇಬೇಕು, ಅದನ್ನು ಮರೆಯುತ್ತಾರೆ.

ಮತ್ತೆ, ಕಿವಿ ಕೊನೆಯವರೆಗೂ ಕೇಳಿಸುತ್ತಿರಬಹುದು. ಮಂಚದ ಪಕ್ಕ ನಿಂತು ಹೊಲದ ಪಾಲಿನ ಮಾತು ಆಡಬೇಡಿ.

ಗಾಂಧಿ ಚೌಕದ ಅಕ್ಕ:

ನಮ್ಮ ಅಬ್ಬಾ ಒಂದು ಆಶ್ರಮದಲ್ಲಿ ತೀರಿಕೊಂಡರು. ನನಗೆ ಬಸ್ ಸಿಗದೆ ತಡವಾಯಿತು. ಅಲ್ಲಿದ್ದ ಆಯಾ ಲಿಂಗಾಯತರ ಹೆಣ್ಣುಮಗಳು. ನಾನು ಯಾವತ್ತೋ ಒಮ್ಮೆ ಹೇಳಿದ್ದನ್ನು ನೆನಪಿಟ್ಟುಕೊಂಡು ಮಂಚವನ್ನು ಪಶ್ಚಿಮಕ್ಕೆ ಮುಖವಾಗುವಂತೆ ತಿರುಗಿಸಿದ್ದಳು, ನಾನು ಕೊಟ್ಟಿಟ್ಟಿದ್ದ ಮೆಕ್ಕಾದ ಝಮ್‌ಝಮ್ ನೀರನ್ನು ಹತ್ತಿಯಲ್ಲಿ ಅದ್ದಿ ತುಟಿಗೆ ಬಿಟ್ಟಿದ್ದಳು. ಫೋನ್ ಅಬ್ಬಾ ಕಿವಿ ಹತ್ತಿರ ಹಿಡಿದಳು, ಬಸ್ಸಿನಲ್ಲಿ ಕೂತೇ ನಾನು ಕಲಿಮಾ ಹೇಳಿದೆ. ಪಕ್ಕದ ಸೀಟಿನವರು ಎದ್ದು ನನಗೆ ಜಾಗ ಬಿಟ್ಟುಕೊಟ್ಟರು. ಆ ಆಯಾಗೆ ನಾನು ಜೀವನಪೂರ್ತಿ ಋಣಿ.

ವಿಜಯಪುರದ ಮಗಳು:

ಅಕ್ಕಾ, ನಿಮ್ಮದನ್ನು ಎರಡು ಸಲ ಓದಿದೆ.

ಡಾಕ್ಟರ್ ಸರ್, ದೊಡ್ಡವ್ವ ಬಾಯಲ್ಲಿ ಹೇಳಿದ್ದಳು, ಬರೆದಿರಲಿಲ್ಲ. ಬರೆದಿಟ್ಟಿದ್ದರೆ ನಡೆಯುತ್ತಿತ್ತಾ? ನನಗೆ ನಮ್ಮ ಊರಿನದೇ ನೆನಪಾಗುತ್ತಿದೆ. ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಅಪ್ಪಗಳು 2014ರ ಗುರುಪೂರ್ಣಿಮೆಯ ದಿನವೇ ಪತ್ರ ಬರೆದಿಟ್ಟಿದ್ದರು. ದೇಹವನ್ನು ಹೂಳಬೇಡಿ, ಅಗ್ನಿಗೆ ಕೊಡಿ, ಬೂದಿಯನ್ನು ನೀರಿಗೆ ಬಿಡಿ, ಸ್ಮಾರಕ ಬೇಡ ಅಂತ. 2023ರ ಜನವರಿ 2ರಂದು ಅವರು ಲಿಂಗೈಕ್ಯರಾದಾಗ ಲಕ್ಷಾಂತರ ಜನ ಸೇರಿದ್ದರು, ನಾನೂ ಅವ್ವನ ಜೊತೆ ಸಾಲಿನಲ್ಲಿದ್ದೆ. ಅಷ್ಟು ದೊಡ್ಡ ಜನಸಾಗರದ ಆಸೆ ಬೇರೆ ಇದ್ದಿರಬಹುದು. ಆದರೂ ಅವರು ಬರೆದ ಹಾಗೆಯೇ ನಡೆಯಿತು, ಯಾಕೆಂದರೆ ಬರೆದಿತ್ತು. ಅದು ಸತ್ತ ಮೇಲಿನ ಮಾತು, ಗೊತ್ತು. ಸಾಯುವ ಮುಂಚಿನದಕ್ಕೂ ಹೀಗೆ ಬರೆಯಬಹುದಾ?

ಬೆಳಗಾವಿ ವಕೀಲ:

ಬರೆಯಬಹುದು. ಇದಕ್ಕೆ ಲಿವಿಂಗ್ ವಿಲ್ ಅನ್ನುತ್ತಾರೆ, ಅಂದರೆ ಮುಂದೆ ಮಾತಾಡಲು ಆಗದ ಸ್ಥಿತಿ ಬಂದರೆ ಯಾವ ಚಿಕಿತ್ಸೆ ಬೇಡ ಅಂತ ಮೊದಲೇ ಬರೆದಿಡುವ ಪತ್ರ. ಆಸ್ತಿಯ ವಿಲ್‌ಗೂ ಇದಕ್ಕೂ ಸಂಬಂಧ ಇಲ್ಲ.

ಹಿನ್ನೆಲೆ ಸ್ವಲ್ಪ. ನಮ್ಮ ಉತ್ತರ ಕನ್ನಡದ ಹಳದೀಪುರದ ಹೆಣ್ಣುಮಗಳು ಅರುಣಾ ಶಾನಭಾಗ್, ಮುಂಬೈನಲ್ಲಿ ನರ್ಸ್ ಆಗಿದ್ದವರು. 1973ರಲ್ಲಿ ನಡೆದ ಹಲ್ಲೆಯ ನಂತರ 2015ರಲ್ಲಿ ತೀರಿಕೊಳ್ಳುವವರೆಗೆ ಹಾಸಿಗೆಯಲ್ಲೇ ಉಳಿದರು. ಅವರ ವಿಷಯದಲ್ಲಿ 2011ರಲ್ಲಿ ಬಂದ ತೀರ್ಪಿನಿಂದ, ಗುಣವಾಗದವರಿಗೆ ಜೀವ ಹಿಡಿದಿಡುವ ಚಿಕಿತ್ಸೆ ನಿಲ್ಲಿಸಬಹುದಾ ಅನ್ನುವ ಮಾತು ದೇಶದಲ್ಲಿ ದೊಡ್ಡದಾಗಿ ಶುರುವಾಯಿತು. 2018ರ ಮಾರ್ಚ್ 9ರಂದು ಸುಪ್ರೀಂ ಕೋರ್ಟ್ ಗೌರವದಿಂದ ಸಾಯುವುದೂ ಬದುಕುವ ಹಕ್ಕಿನ ಭಾಗ ಎಂದಿತು. ಆಗ ಹಾಕಿದ ನಿಯಮ ಬಹಳ ಬಿಗಿಯಾಗಿತ್ತು, ಮ್ಯಾಜಿಸ್ಟ್ರೇಟರ ಸಹಿಯೇ ಬೇಕಿತ್ತು. 2023ರ ಜನವರಿಯಲ್ಲಿ ಅದನ್ನು ಸಡಿಲಿಸಿದರು. ಕರ್ನಾಟಕದ ಆರೋಗ್ಯ ಇಲಾಖೆ 2025ರ ಜನವರಿ 30ರಂದು ಇದನ್ನು ಜಾರಿಗೆ ತರಲು ಸುತ್ತೋಲೆ ಹೊರಡಿಸಿತು.

ಈಗ 18 ತುಂಬಿದ, ಬುದ್ಧಿ ಸ್ಥಿಮಿತದಲ್ಲಿರುವ ಯಾರೇ ಆಗಲಿ ತಮ್ಮ ಇಷ್ಟದಿಂದ ಬರೆಯಬಹುದು. ಇಬ್ಬರು ಸಾಕ್ಷಿಗಳ ಮುಂದೆ ಸಹಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ. ನಿಮಗೆ ಮಾತಾಡಲು ಆಗದ ಸ್ಥಿತಿ ಬಂದರೆ ನಿಮ್ಮ ಪರ ಯಾರು ಮಾತಾಡಬೇಕು ಅಂತ ಹೆಸರು ಬರೆಯಬೇಕು, ಒಂದಕ್ಕಿಂತ ಹೆಚ್ಚು ಹೆಸರು ಇರಲಿ. ಒಂದು ಪ್ರತಿ ಮನೆಯ ಡಾಕ್ಟರಿಗೆ, ಒಂದು ಸ್ಥಳೀಯ ಸಂಸ್ಥೆಯ ಅಧಿಕಾರಿಗೆ. ಮನಸ್ಸು ಬದಲಾದರೆ ಯಾವಾಗ ಬೇಕಾದರೂ ಬರೆದು ಹಿಂದೆ ತೆಗೆದುಕೊಳ್ಳಬಹುದು.

ಆಸ್ಪತ್ರೆಯಲ್ಲಿ ವೆಂಟಿಲೇಟರ್‌ನಂಥ ಯಂತ್ರ ತೆಗೆಯುವ ಹಂತ ಬಂದರೆ ನೋಡುತ್ತಿರುವ ಡಾಕ್ಟರ್ ಮತ್ತು ಇಬ್ಬರು ತಜ್ಞರ ಮಂಡಳಿ ಮೊದಲು ಹೌದೆನ್ನಬೇಕು, ಆಮೇಲೆ ಇನ್ನೊಂದು ಮಂಡಳಿ. ಎರಡೂ ಕಡೆ ಸಾಧ್ಯವಾದಷ್ಟು 48 ತಾಸಿನೊಳಗೆ ತೀರ್ಮಾನ ಆಗಬೇಕು. ಪತ್ರದಲ್ಲಿ ನೀವು ಹೆಸರು ಬರೆದವರ ಒಪ್ಪಿಗೆಯೂ ಬೇಕು. ಚುಚ್ಚುಮದ್ದು ಕೊಟ್ಟು ಸಾಯಿಸುವುದು ಇದಲ್ಲ, ಅದು ಅಪರಾಧವೇ.

ಚಿಕ್ಕೋಡಿ ಕಡೆಯವಳು:

ನಾವು ಜೈನರು. ನಮ್ಮ ಆಯಿ ಸಲ್ಲೇಖನ, ಅಂದರೆ ಅನ್ನ ನೀರು ಬಿಡುತ್ತಾ ಸಾವನ್ನು ಶಾಂತವಾಗಿ ಎದುರುಗೊಳ್ಳುವ ವ್ರತ, ತೆಗೆದುಕೊಂಡಳು, ಮನೆಯಲ್ಲೇ, ಎಲ್ಲರ ನಡುವೆ. 2015ರ ಆಗಸ್ಟ್‌ನಲ್ಲಿ ರಾಜಸ್ಥಾನ ಹೈಕೋರ್ಟ್ ಅದನ್ನು ಆತ್ಮಹತ್ಯೆ ಅಂದಾಗ ನಮ್ಮ ಕಡೆಯೂ ಎಲ್ಲರಿಗೂ ಬಹಳ ನೋವಾಗಿತ್ತು. ಅದೇ ತಿಂಗಳ ಕೊನೆಗೆ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ಇಲ್ಲಿ ಹೇಳಬೇಕೆನಿಸಿದ್ದು ಒಂದೇ. ಆಯಿ ಎಲ್ಲರನ್ನೂ ಕರೆದು ಒಬ್ಬೊಬ್ಬರ ಕ್ಷಮೆ ಕೇಳಿದಳು, ಕೆಲಸದವಳದ್ದೂ. ಆಶ್ರಮದಲ್ಲಿರುವವರಿಗೆ ಆ ಅವಕಾಶ ಯಾರು ಮಾಡಿಕೊಡುತ್ತಾರೆ? ಎಷ್ಟೋ ಮಂದಿ ಮುನಿಸಿಕೊಂಡ ಅಣ್ಣನನ್ನೋ ಮಗಳನ್ನೋ ಒಮ್ಮೆ ನೋಡಬೇಕು ಅಂತ ಕಾಯುತ್ತಿರುತ್ತಾರೆ. ಒಂದು ಫೋನ್ ಮಾಡಿಸಿಕೊಡಿ.

ಆಯಾ, ವಿಜಯಪುರ (ಮಗಳು ಬರೆದುಕೊಡುತ್ತಿದ್ದಾಳೆ):

ಅವ್ವ ಹೇಳುತ್ತಿದ್ದಾಳೆ, ನಾನು ಬರೆಯುತ್ತಿದ್ದೇನೆ.

"ನಾನು ಹನ್ನೊಂದು ವರ್ಷದಿಂದ ಈ ಕೆಲಸ ಮಾಡುತ್ತಿದ್ದೇನೆ. ಎಷ್ಟು ಮಂದಿಯ ಬಾಯಿಗೆ ಕೊನೆಯ ನೀರು ಬಿಟ್ಟಿದ್ದೇನೆ ಲೆಕ್ಕ ಇಲ್ಲ. ರಾತ್ರಿ ಒಬ್ಬಳೇ ಇದ್ದಾಗ ಒಬ್ಬರು ಹೋಗುತ್ತಿದ್ದರೆ ಅವರ ಹತ್ತಿರ ಕೂಡಬೇಕು ಅನಿಸುತ್ತದೆ. ಆದರೆ ಆ ಕಡೆಯಿಂದ ಇನ್ನೊಬ್ಬರು ಕರೆಯುತ್ತಾರೆ. ಆ ಒಂದು ರಾತ್ರಿಗೆ ಇನ್ನೊಬ್ಬಳನ್ನು ಕರೆಸಿದರೆ ಸಾಕು, ನಾನು ಕೈ ಹಿಡಿದು ಕೂಡುತ್ತೇನೆ.

ಹೋದ ಮೇಲೆ ಹಿಂದಿನ ಬಾಗಿಲಿನಿಂದ ಒಯ್ಯುತ್ತಾರೆ, ಉಳಿದವರಿಗೆ ಗೊತ್ತಾಗಬಾರದು ಅಂತ. ಎಲ್ಲರಿಗೂ ಗೊತ್ತಾಗಿರುತ್ತದೆ. ಬೆಳಿಗ್ಗೆ ಪಕ್ಕದ ಮಂಚದ ಅಜ್ಜಿ ಖಾಲಿ ಗಾದಿ ನೋಡುತ್ತಾಳೆ, ಏನೂ ಕೇಳಲ್ಲ. ಮಧ್ಯಾಹ್ನ ಊಟ ಬಿಡುತ್ತಾಳೆ. ನನ್ನನ್ನೂ ಹೀಂಗ ಒಯ್ತಾರ ಅಂತ ಅವಳ ಮನಸ್ಸಿನಲ್ಲಿ ಬರಲ್ವಾ? ಮುಂದಿನ ಬಾಗಿಲಿನಿಂದ ಒಯ್ಯಿರಿ. ವಿಭೂತಿ ಹಚ್ಚಿ, ಹೂವು ಹಾಕಿ, ಜೊತೆಗಿದ್ದವರು ಕೈ ಮುಗಿಯಲಿ. ನಾಲ್ಕು ವರ್ಷ ಪಕ್ಕದಲ್ಲಿ ಮಲಗಿದವರು ಅವರೇ ಅಲ್ವಾ ಬಳಗ?"

ಬಾಗಲಕೋಟೆ, ಆಶ್ರಮ ನಡೆಸುವವನು:

ತಾಯಿ, ನಮ್ಮಲ್ಲೂ ಹಿಂದಿನ ಬಾಗಿಲೇ. ಇನ್ನು ಮುಂದೆ ಇಲ್ಲ.

ನಿನ್ನೆ ನಮ್ಮ ಆಯಾಗಳನ್ನು ಕೂರಿಸಿಕೊಂಡು ಡಾಕ್ಟರ್ ಬರೆದ ಗುರುತುಗಳನ್ನು ಓದಿ ಹೇಳಿದೆ. ವಾರಕ್ಕೊಮ್ಮೆ ಬರುವ ಡಾಕ್ಟರ್ ಜೊತೆ ಫೈಲ್ ವಿಷಯ ಮಾತಾಡಿದೆ, ಒಪ್ಪಿದರು. ಸಂಬಂಧಿಕರನ್ನು ಇಬ್ಬಿಬ್ಬರಂತೆ ಕರೆಸಿ ಮಾತಾಡಬೇಕು, ಅದು ಕಷ್ಟದ್ದು, ಕೆಲವರು ಫೋನೇ ಎತ್ತಲ್ಲ. ಅಂಥವರ ವಿಷಯದಲ್ಲಿ ಏನು ಮಾಡುವುದು ಅಂತ ವಕೀಲರನ್ನು ಕೇಳುತ್ತೇನೆ. ಆದರೆ ಇರುವವರನ್ನೇ ಕೇಳಲು ಯಾರ ಅಪ್ಪಣೆಯೂ ಬೇಡ ಅಂತ ಹೊಳೆಯಿತು. ಇವತ್ತು ನಾಲ್ಕು ಮಂದಿಯನ್ನು ಕೇಳಿದೆ. ಹೆದರುತ್ತಲೇ ಕೇಳಿದೆ. ಒಬ್ಬರೂ ಸಿಟ್ಟಾಗಲಿಲ್ಲ. ಬಾದಾಮಿ ಕಡೆಯ ಒಬ್ಬ ಅಜ್ಜಾ, ನೇಕಾರರು, "ನೀ ಕೇಳಿದ್ದು ಚೊಲೋ ಆತು ತಮ್ಮಾ, ನನ್ನ ಮಕ್ಕಳು ಕೇಳಂಗಿಲ್ಲ" ಅಂತ ಮುಕ್ಕಾಲು ತಾಸು ಮಾತಾಡಿದರು. ಆಸ್ಪತ್ರೆ ಬೇಡ, ಕಿಟಕಿ ಪಕ್ಕದ ಮಂಚ ಬೇಕು, ರಾತ್ರಿ ದೀಪ ಆರಿಸಬಾರದು. ಕಿಟಕಿ ಪಕ್ಕಕ್ಕೆ ಸಂಜೆಯೇ ಬದಲಿಸಿದೆ.

ವಿಜಯಪುರದ ಮಗಳು:

ಅಣ್ಣಾ, ಅವರಿಗೆ ನನ್ನ ನಮಸ್ಕಾರ ಹೇಳಿ.

ನಾನು ನಿನ್ನೆ ರಾತ್ರಿ ಅಪ್ಪನನ್ನು ಕೇಳಿದೆ. ಊಟ ಆದ ಮೇಲೆ, ಟಿವಿ ಆರಿಸಿ. ಎದೆ ಡವಡವ ಅನ್ನುತ್ತಿತ್ತು. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ನನ್ನ ಚಾಳೀಸ ತೆಗೀಬ್ಯಾಡ್ರಿ" ಎಂದರು. ಆಸ್ಪತ್ರೆಯಲ್ಲಿ ಮೊದಲು ಕನ್ನಡಕ ತೆಗೆದಿಡುತ್ತಾರಂತೆ, ಅದಿಲ್ಲದಿದ್ದರೆ ಬಂದವರು ಯಾರು ಅಂತ ಅವರಿಗೆ ಕಾಣುವುದಿಲ್ಲ. ಆಮೇಲೆ ಯಂತ್ರದ ವಿಷಯ ಹೇಳಿದರು, ಯಾರು ಪಕ್ಕದಲ್ಲಿರಬೇಕು ಅಂತ ಹೇಳಿದರು. ಶಾಲೆಯ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಅಡುಗೆಮನೆಯಿಂದ ಅವ್ವ ಗೋಡೆ ಹಿಡಿದು ಬಂದು ಕೂತಳು. "ನಂದೂ ಬರಿ. ನೈಟಿ ಹಾಕಬ್ಯಾಡ. ಸೆರಗ ಇರಲಿ. ದೊಡ್ಡವ್ವನ ಕೌದಿ ನನಗ ಹೊಚ್ಚು."

ಕೌದಿಯನ್ನು ಆಶ್ರಮದಿಂದ ತಂದು ಒಗೆಯದೆ ಇಟ್ಟಿದ್ದೆ. ಇವತ್ತು ಬಿಸಿಲಿಗೆ ಹಾಕಿದ್ದೇನೆ. ಸೋಮವಾರ ಶಾಲೆಗೆ ಅರ್ಧ ದಿನ ರಜೆ, ನೋಟರಿ ಹತ್ತಿರ ಹೋಗುತ್ತಿದ್ದೇವೆ. ಸಾಕ್ಷಿಗೆ ಪಕ್ಕದ ಮನೆಯ ಕಾಕಾ ಮತ್ತು ಕಾಕು ಬರುತ್ತಾರೆ. ಅವರೂ ತಮ್ಮದು ಬರೆಸಬೇಕಂತೆ.